ಚಿಕ್ಕ ಮಕ್ಕಳಿರುವ ಮನೆಗೆ ಶೆಲ್ಟರ್‌ನ ದೊಡ್ಡ ಬೆಕ್ಕನ್ನು ತರಬಹುದೇ? ಯಾವುದು ನಂಬಿಕೆ, ಯಾವುದು ನಿಜ?

ಮಕ್ಕಳಿರುವ ಮನೆಯಲ್ಲಿ ಬೆಕ್ಕು ಇರಬಾರದು. ಅದರ ಕೂದಲು ಹೊಟ್ಟೆಗೆ ಹೋದರೆ ಉಬ್ಬಸ ಬರುತ್ತದೆ. ಬೆಳೆದ ಬೆಕ್ಕು ಹೊಸ ಮನೆಗೆ ಒಗ್ಗುವುದಿಲ್ಲ, ಸಾಕುವುದಾದರೆ ಮರಿಯನ್ನೇ ತನ್ನಿ. ಇಂಥ ಮಾತುಗಳು ಅಜ್ಜಿಯರ ಬಾಯಿಂದ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದು ಬಹಳ ಕಾಲವಾಯಿತು. ಇನ್ನೊಂದು ಕಡೆ, ಬೆಂಗಳೂರಿನ ಶೆಲ್ಟರ್‌ನಲ್ಲಿರುವ ಯಾವುದೋ ಬೆಕ್ಕಿನ ಫೋಟೊ ಜೊತೆಗೆ "ಇದಕ್ಕೊಂದು ಮನೆ ಬೇಕು" ಎಂಬ ಸಂದೇಶವೂ ಅದೇ ಗುಂಪಿಗೆ ಬರುತ್ತದೆ. ಫೋಟೊ ನೋಡಿದ ಮಗು ಹಟ ಹಿಡಿಯುತ್ತದೆ. ಅಜ್ಜಿ ಬೇಡ ಎನ್ನುತ್ತಾರೆ. ಅಪ್ಪ, ಅಮ್ಮನಿಗೆ ಯಾರ ಮಾತು ಕೇಳಬೇಕೋ ತಿಳಿಯುವುದಿಲ್ಲ.

ಈ ಲೇಖನದಲ್ಲಿ ನಾವು ಆ ಪ್ರಶ್ನೆಗೆ ಉತ್ತರ ಕೊಡುತ್ತೇವೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯಂಥ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ. ಬೆಂಗಳೂರಿನಿಂದ ಸುಮಾರು 50 ಕಿ.ಮೀ. ದೂರದ ಬೆಟ್ಟದ ಬುಡದ ಊರು, ಹಗಲೆಲ್ಲ ತೆರೆದಿರುವ ಬಾಗಿಲು, ಮಾಡಿನ ಮೇಲೆ ಕೋತಿಗಳು. ನಗರದ ಫ್ಲ್ಯಾಟ್‌ಗೆ ಬರೆದ ಸಲಹೆಗಳು ಇಲ್ಲಿಗೆ ಹಾಗೇ ಹೊಂದುವುದಿಲ್ಲ.

ಚುಟುಕು ಉತ್ತರ ಇಷ್ಟು: ತರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಎಷ್ಟೋ ಸಲ ಮರಿಗಿಂತ ಬೆಳೆದ ಬೆಕ್ಕೇ ವಾಸಿ. ಆದರೆ ಎರಡು ಷರತ್ತುಗಳಿವೆ. ಬಣ್ಣ ನೋಡಿ ಆರಿಸದೆ ಸ್ವಭಾವ ನೋಡಿ ಆರಿಸಬೇಕು. ಮೊದಲ ಒಂದು ತಿಂಗಳು ಅವಸರ ಮಾಡಬಾರದು.

ಶೆಲ್ಟರ್ ಬೆಕ್ಕು ಎಂದರೆ ಯಾವುದು?

ಗಾಯಗೊಂಡ, ಕಳೆದುಹೋದ, ಸಾಕಿದವರು ಬಿಟ್ಟುಹೋದ ಪ್ರಾಣಿಗಳನ್ನು ಇಟ್ಟುಕೊಂಡು ಆರೈಕೆ ಮಾಡುವ ಜಾಗಕ್ಕೆ ಶೆಲ್ಟರ್ ಅಥವಾ ಆಶ್ರಯ ಕೇಂದ್ರ ಎನ್ನುತ್ತಾರೆ. ಬೆಂಗಳೂರಿನಲ್ಲಿ 1991ರಲ್ಲಿ ಶುರುವಾದ ಕ್ಯೂಪಾ, ಆಮೇಲೆ ಬಂದ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಮುಂತಾದ ಸಂಸ್ಥೆಗಳು ಈ ಕೆಲಸ ಮಾಡುತ್ತಿವೆ. ಇವಲ್ಲದೆ ತಮ್ಮ ಮನೆಯಲ್ಲೇ ಕೆಲವು ಬೆಕ್ಕುಗಳನ್ನಿಟ್ಟುಕೊಂಡು, ಒಳ್ಳೆಯ ಮನೆ ಸಿಗುವವರೆಗೆ ನೋಡಿಕೊಳ್ಳುವ ವ್ಯಕ್ತಿಗಳೂ ಇದ್ದಾರೆ.

ಶೆಲ್ಟರ್‌ಗೆ ಬಂದ ಬೆಕ್ಕು ಕೆಟ್ಟ ಬೆಕ್ಕು ಎಂಬ ಅನುಮಾನ ಹಲವರಿಗಿದೆ. ಬೆಕ್ಕು ಬೀದಿಗೆ ಬೀಳಲು ಸಾಮಾನ್ಯ ಕಾರಣಗಳು ಮನುಷ್ಯರವು. ಬಾಡಿಗೆ ಮನೆ ಬದಲಾಗುತ್ತದೆ, ಮಾಲೀಕರು ಬೇಡ ಎನ್ನುತ್ತಾರೆ, ಮದುವೆಯಾಗುತ್ತದೆ, ಬೇರೆ ಊರಿಗೆ ವರ್ಗವಾಗುತ್ತದೆ, ಸಾಕಿದವರು ತೀರಿಕೊಳ್ಳುತ್ತಾರೆ. ಇಂಥ ಮನೆಗಳಿಂದ ಬಂದ ಎಷ್ಟೋ ಬೆಕ್ಕುಗಳು ಮನೆಯ ಪದ್ಧತಿಯನ್ನು ಮೊದಲೇ ಕಲಿತಿರುತ್ತವೆ.

ಒಂದು ವರ್ಷ ದಾಟಿದ ಬೆಕ್ಕನ್ನು ಬೆಳೆದ ಬೆಕ್ಕು ಎನ್ನಬಹುದು. ಮನೆಯೊಳಗೆ ಚೆನ್ನಾಗಿ ನೋಡಿಕೊಂಡ ಬೆಕ್ಕು 12ರಿಂದ 15 ವರ್ಷ, ಕೆಲವು ಸಲ ಅದಕ್ಕಿಂತಲೂ ಹೆಚ್ಚು ಬದುಕುತ್ತದೆ. ಮೂರು ವರ್ಷದ ಬೆಕ್ಕನ್ನು ತಂದರೆ ಇಂದು ಅಂಗನವಾಡಿಗೆ ಹೋಗುವ ಮಗು ಹೈಸ್ಕೂಲು ಮುಗಿಸುವವರೆಗೂ ಅದು ಜೊತೆಗಿರಬಹುದು. "ದೊಡ್ಡದು" ಎಂದರೆ "ಮುದಿ" ಎಂದಲ್ಲ.

ಮರಿಗಿಂತ ದೊಡ್ಡದು ಏಕೆ ವಾಸಿ?

ಮೊದಲ ಕಾರಣ ಸ್ವಭಾವ. ಬೆಕ್ಕಿನ ಮರಿ ಮನುಷ್ಯರನ್ನು ಒಗ್ಗಿಸಿಕೊಳ್ಳುವ ಮುಖ್ಯ ಅವಧಿ ಹುಟ್ಟಿದ 2ರಿಂದ 7 ವಾರಗಳ ನಡುವೆ. ಮರಿಯನ್ನು ಕೈಗೆತ್ತಿಕೊಂಡಾಗ ಅದು ಮುಂದೆ ಹೇಗಾಗುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು. ಎರಡು ವರ್ಷದ ಬೆಕ್ಕಿನ ಸ್ವಭಾವ ಅಷ್ಟರಲ್ಲಿ ನೆಲೆಗೊಂಡಿರುತ್ತದೆ. ಗದ್ದಲಕ್ಕೆ ಹೆದರುತ್ತದೆಯೇ, ಎತ್ತಿಕೊಂಡರೆ ಸಹಿಸುತ್ತದೆಯೇ ಎಂಬುದು ನೋಡಿಕೊಳ್ಳುವವರಿಗೆ ಗೊತ್ತಿರುತ್ತದೆ.

ಎರಡನೆಯದು ಆಟದ ರೀತಿ. ಮರಿಗೆ ಅಲುಗಾಡುವುದೆಲ್ಲ ಬೇಟೆ. ಮಗುವಿನ ಬೆರಳು, ಕಾಲು, ಜಡೆ ಯಾವುದನ್ನೂ ಬಿಡದು. ಸೂಜಿಯಂಥ ಹಲ್ಲು, ಉಗುರು ಇರುವ ಮರಿ ಮತ್ತು ಹಿಡಿತ ತಿಳಿಯದ ಎರಡು ವರ್ಷದ ಮಗು ಒಟ್ಟಿಗಿದ್ದರೆ ಇಬ್ಬರಿಗೂ ಪೆಟ್ಟಾಗುತ್ತದೆ. ಮಗು ಬಿಗಿಯಾಗಿ ಅಪ್ಪಿದರೆ ಪುಟ್ಟ ಮರಿಯ ಪ್ರಾಣಕ್ಕೇ ಅಪಾಯ. ಬೆಳೆದ ಬೆಕ್ಕು ಬೇಡವೆನಿಸಿದಾಗ ಎದ್ದುಹೋಗಿ ಅಟ್ಟ ಹತ್ತುತ್ತದೆ.

ಮೂರನೆಯದು ರೋಗದ ಲೆಕ್ಕ. ಬೆಕ್ಕಿನ ಪರಚುವಿಕೆಯಿಂದ ಹರಡುವ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಮರಿಗಳಲ್ಲಿ ಹೆಚ್ಚು. ಅದನ್ನು ಬೆಕ್ಕಿನಿಂದ ಬೆಕ್ಕಿಗೆ ದಾಟಿಸುವುದು ಚಿಗಟಗಳು. ಚಿಗಟವಿಲ್ಲದ ಬೆಳೆದ ಬೆಕ್ಕಿನಿಂದ ಈ ಅಪಾಯ ಕಡಿಮೆ.

ನಾಲ್ಕನೆಯದು, ಶೆಲ್ಟರ್‌ನಿಂದ ದತ್ತು ಕೊಡುವ ಬೆಳೆದ ಬೆಕ್ಕಿಗೆ ಸಾಮಾನ್ಯವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುತ್ತದೆ. ಹೆಣ್ಣು ಬೆಕ್ಕು ನಾಲ್ಕರಿಂದ ಆರು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭದ ಅವಧಿ ಎರಡೇ ತಿಂಗಳು. ಮರಿ ತಂದು ಚಿಕಿತ್ಸೆಯನ್ನು ಮುಂದೂಡಿದ ಮನೆಯಲ್ಲಿ ವರ್ಷ ತುಂಬುವುದರೊಳಗೆ ಐದಾರು ಬೆಕ್ಕುಗಳಾಗುತ್ತವೆ. ಆಮೇಲೆ ಅವು ಗೋಣಿಚೀಲದಲ್ಲಿ ಪಕ್ಕದ ಊರಿಗೋ ದೇವಸ್ಥಾನದ ಬಳಿಗೋ ಹೋಗುತ್ತವೆ. "ಒಂದು ಸೂಲು ಮರಿ ಹಾಕಿದ ಮೇಲೆಯೇ ಆಪರೇಷನ್ ಮಾಡಿಸಬೇಕು" ಎಂಬ ಮಾತಿಗೆ ವೈದ್ಯಕೀಯ ಆಧಾರವಿಲ್ಲ.

ಜನ ನಂಬುವ ಐದು ಮಾತುಗಳು

ನಂಬಿಕೆ 1: ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಮಗುವಿಗೆ ಉಬ್ಬಸ ಬರುತ್ತದೆ.

ಅರ್ಧ ನಿಜ. ತೊಂದರೆ ಕೊಡುವುದು ಕೂದಲಲ್ಲ. ಬೆಕ್ಕಿನ ಎಂಜಲು ಮತ್ತು ಚರ್ಮದ ಗ್ರಂಥಿಗಳಲ್ಲಿ ಹುಟ್ಟುವ 'ಫೆಲ್ ಡಿ 1' ಎಂಬ ಪ್ರೊಟೀನು. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟಿ, ಒಣಗಿ, ಸಣ್ಣ ಧೂಳಾಗಿ ಗಾಳಿಯಲ್ಲಿ ತೇಲುತ್ತದೆ. ಅದು ಕೆಲಸ ಮಾಡುವುದು ಮೂಗು ಮತ್ತು ಶ್ವಾಸಕೋಶದಲ್ಲಿ, ಹೊಟ್ಟೆಯಲ್ಲಲ್ಲ. ಹೊಟ್ಟೆಗೆ ಹೋದ ಒಂದೆರಡು ಕೂದಲು ಮಲದಲ್ಲಿ ಹೊರಬೀಳುತ್ತದೆ. ಈ ಪ್ರೊಟೀನಿಗೆ ಅಲರ್ಜಿ ಇಲ್ಲದ ಮಗುವಿಗೆ ಏನೂ ಆಗದು. ಅಲರ್ಜಿ ಇದ್ದರೆ ಸೀನು, ಕಣ್ಣು ತುರಿಕೆ ಬರುತ್ತದೆ, ಉಬ್ಬಸ ಇರುವವರಿಗೆ ಅದು ಕೆರಳಬಹುದು. ಮನೆಯಲ್ಲಿ ಈಗಾಗಲೇ ಉಬ್ಬಸದ ಮಗುವಿದ್ದರೆ ಮೊದಲು ಮಕ್ಕಳ ವೈದ್ಯರನ್ನು ಕೇಳಿ. ಅವರು ಆಗಲಿ ಎಂದರೆ ಮಾತ್ರ ಮಗುವನ್ನು ಶೆಲ್ಟರ್‌ಗೆ ಎರಡು ಮೂರು ಸಲ ಕರೆದೊಯ್ದು ಬೆಕ್ಕಿನ ಜೊತೆ ಕೂರಿಸಿ ನೋಡಿ. ತಂದ ಮೇಲೆ ಅಲರ್ಜಿ ಗೊತ್ತಾಗಿ ವಾಪಸು ಕಳಿಸುವುದಕ್ಕಿಂತ ಇದು ಒಳ್ಳೆಯದು.

ನಂಬಿಕೆ 2: ಗರ್ಭಿಣಿ ಇರುವ ಮನೆಯಲ್ಲಿ ಬೆಕ್ಕಿದ್ದರೆ ಗರ್ಭಪಾತವಾಗುತ್ತದೆ.

ಈ ಭಯದ ಹಿಂದೆ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಇದೆ. ವಿಜ್ಞಾನಿಗಳು ಇದನ್ನು ಗುರುತಿಸಿದ್ದು 1908ರಲ್ಲಿ. ಗರ್ಭಿಣಿಗೆ ಮೊದಲ ಬಾರಿ ಸೋಂಕು ತಗುಲಿದರೆ ಮಗುವಿಗೆ ಅಪಾಯ ಎಂಬುದು ನಿಜ. ಆದರೆ ಬೆಕ್ಕನ್ನು ಮುಟ್ಟಿದರೆ ಅದು ಬರುವುದಿಲ್ಲ. ಸೋಂಕು ತಗುಲಿದ ಬೆಕ್ಕು ಸಾಮಾನ್ಯವಾಗಿ ತನ್ನ ಜೀವನದಲ್ಲಿ ಒಮ್ಮೆ, ಒಂದರಿಂದ ಮೂರು ವಾರ ಮಾತ್ರ ಇದರ ಸೂಕ್ಷ್ಮ ಮೊಟ್ಟೆಗಳನ್ನು ಮಲದಲ್ಲಿ ಬಿಡುತ್ತದೆ. ಆ ಮೊಟ್ಟೆಗಳು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ಮಲ ತೆಗೆದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಆ ಕೆಲಸವನ್ನು ಗರ್ಭಿಣಿ ಮಾಡಬಾರದು, ಮನೆಯ ಬೇರೆಯವರು ಮಾಡಬೇಕು. ಅರೆಬೆಂದ ಮಾಂಸ, ತೊಳೆಯದ ಸೊಪ್ಪು ತರಕಾರಿ, ಮಣ್ಣು ಮೆತ್ತಿದ ಕೈಯಿಂದಲೂ ಇದೇ ಸೋಂಕು ಬರುತ್ತದೆ. ಬೆಕ್ಕು ಸಾಕದ ಮನೆಯವರೂ ಇದನ್ನು ನೆನಪಿಡಬೇಕು.

ನಂಬಿಕೆ 3: ನಾಯಿ ಮನುಷ್ಯರನ್ನು ನಂಬುತ್ತದೆ, ಬೆಕ್ಕು ಮನೆಯನ್ನು ಮಾತ್ರ ನಂಬುತ್ತದೆ.

ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಾಕಿದವರು ಸ್ವಲ್ಪ ಹೊತ್ತು ಕೋಣೆ ಬಿಟ್ಟುಹೋಗಿ ಮರಳಿದಾಗ ಬೆಕ್ಕು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿದರು. ಚಿಕ್ಕ ಮಕ್ಕಳಿಗೂ ತಾಯಿಗೂ ಇರುವ ನಂಟನ್ನು ಅಳೆಯಲು ಬಳಸುವ ಪರೀಕ್ಷೆಯೇ ಇದಕ್ಕೆ ಮಾದರಿ. ಮರಿಗಳಲ್ಲೂ ಬೆಳೆದ ಬೆಕ್ಕುಗಳಲ್ಲೂ ಸುಮಾರು ಮೂರರಲ್ಲಿ ಎರಡು ಪಾಲು, ಸಾಕಿದವರು ಬಂದೊಡನೆ ನಿರಾಳವಾದವು. ಬೆಕ್ಕಿಗೆ ಜನರೂ ಬೇಕು ಎಂಬುದು ಇದರಿಂದ ತಿಳಿಯುತ್ತದೆ. ಹೊಸ ನಂಟು ಬೆಳೆಯಲು ಸಮಯ ಬೇಕು, ಅಷ್ಟೆ.

ನಂಬಿಕೆ 4: ದೊಡ್ಡ ಬೆಕ್ಕು ಹಳೆಯ ಜಾಗಕ್ಕೆ ಓಡಿಹೋಗುತ್ತದೆ.

ಮೊದಲ ದಿನವೇ ಹೊರಗೆ ಬಿಟ್ಟರೆ ಹೋಗಬಹುದು. ಬೆಕ್ಕಿಗೆ ತಾನಿರುವ ಜಾಗದ ವಾಸನೆ, ಸದ್ದು, ಮೂಲೆಗಳ ಪರಿಚಯ ಮುಖ್ಯ. ಆ ಪರಿಚಯವಾಗುವವರೆಗೆ ಮೂರು ನಾಲ್ಕು ವಾರ ಮನೆಯೊಳಗೇ ಇರಿಸಿದರೆ, ಇದೇ ತನ್ನ ಜಾಗ, ಊಟ ಸಿಗುವುದು ಇಲ್ಲೇ ಎಂದು ಅದು ಕಲಿಯುತ್ತದೆ.

ನಂಬಿಕೆ 5: ಕರಿ ಬೆಕ್ಕು ಮನೆಗೆ ಅಪಶಕುನ.

ಕಪ್ಪು ಬಣ್ಣ ಬರುವುದು ಮೆಲನಿನ್ ಎಂಬ ವರ್ಣದ್ರವ್ಯದಿಂದ. ನಮ್ಮ ತಲೆಗೂದಲನ್ನು ಕಪ್ಪಾಗಿಸುವುದೂ ಅದೇ. ಅದಕ್ಕೂ ಮನೆಯ ಒಳಿತು ಕೆಡುಕಿಗೂ ಸಂಬಂಧವಿಲ್ಲ. ಶೆಲ್ಟರ್‌ನಲ್ಲಿ ಮಗುವಿನ ಪಕ್ಕ ತಾನಾಗಿ ಬಂದು ಕೂತ ಬೆಕ್ಕು ಕಪ್ಪಗಿದ್ದರೆ ಆ ಒಂದೇ ಕಾರಣಕ್ಕೆ ಬಿಟ್ಟುಬರಬೇಡಿ.

ಶೆಲ್ಟರ್‌ನಲ್ಲಿ ಏನು ಕೇಳಬೇಕು?

ಮಗುವನ್ನು ಕರೆದೊಯ್ಯುವ ಮೊದಲು ದೊಡ್ಡವರು ಒಮ್ಮೆ ಹೋಗಿಬನ್ನಿ. ಈ ಪ್ರಶ್ನೆಗಳನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ:

• ಈ ಬೆಕ್ಕು ಮೊದಲು ಮಕ್ಕಳಿರುವ ಮನೆಯಲ್ಲಿತ್ತೇ? ಮಕ್ಕಳು ಕಿರುಚಿದಾಗ ಏನು ಮಾಡುತ್ತದೆ?
• ಬೇರೆ ಮನೆಗೆ ಹೋಗಿ ವಾಪಸು ಬಂದಿದೆಯೇ? ಬಂದಿದ್ದರೆ ಯಾಕೆ?
• ರೇಬೀಸ್ ಲಸಿಕೆ ಆಗಿದೆಯೇ? ಬೆಕ್ಕಿನ ಮೂರು ಮುಖ್ಯ ವೈರಸ್ ರೋಗಗಳಿಗೆ ಒಟ್ಟಾಗಿ ಕೊಡುವ ಲಸಿಕೆ ಆಗಿದೆಯೇ? ಯಾವ ತಾರೀಖು?
• ಸಂತಾನಹರಣ ಚಿಕಿತ್ಸೆ ಆಗಿದೆಯೇ? ಜಂತುಹುಳು, ಚಿಗಟಕ್ಕೆ ಔಷಧಿ ಕೊಟ್ಟದ್ದು ಯಾವಾಗ?
• ಚರ್ಮದಲ್ಲಿ ಕೂದಲು ಉದುರಿದ ದುಂಡು ಕಲೆಗಳಿವೆಯೇ?
• ಹೊಂದಾಣಿಕೆಯಾಗದಿದ್ದರೆ ನೀವೇ ವಾಪಸು ತೆಗೆದುಕೊಳ್ಳುತ್ತೀರಾ?

ದುಂಡು ಕಲೆಯ ಪ್ರಶ್ನೆಗೆ ಕಾರಣವಿದೆ. ಹುಳುಕಡ್ಡಿ ಒಂದು ಶಿಲೀಂಧ್ರದ ಸೋಂಕು. ಹಲವು ಬೆಕ್ಕುಗಳು ಒಟ್ಟಿಗಿರುವ ಕಡೆ ಬೇಗ ಹರಡುತ್ತದೆ, ಬೆಕ್ಕಿನಿಂದ ಮಕ್ಕಳ ಚರ್ಮಕ್ಕೂ ದಾಟುತ್ತದೆ. ಪ್ರಾಣಕ್ಕೆ ಅಪಾಯವಿಲ್ಲ, ಔಷಧಿಯೂ ಇದೆ. ಆದರೆ ಬೆಕ್ಕಿಗೆ ವಾಸಿಯಾದ ಮೇಲೆಯೇ ಮನೆಗೆ ತರುವುದು ಜಾಣತನ.

ಲಸಿಕೆಯ ಕಾರ್ಡು ಕೈಗೆ ತೆಗೆದುಕೊಳ್ಳದೆ ಬರಬೇಡಿ. ಕಾರ್ಡು ಇಲ್ಲದಿದ್ದರೆ ಲಸಿಕೆ ಆಗಿಲ್ಲವೆಂದೇ ತಿಳಿದು ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಹೆಬ್ಬಾಳದಲ್ಲಿ 1958ರಿಂದ ಇರುವ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಬೆಕ್ಕುಗಳನ್ನು ನೋಡುತ್ತಾರೆ. ತುಮಕೂರು ರಸ್ತೆಯಲ್ಲಿ ಬಂದು ಗೊರಗುಂಟೆಪಾಳ್ಯದಲ್ಲಿ ರಿಂಗ್ ರೋಡಿಗೆ ತಿರುಗಿದರೆ ಹೆಬ್ಬಾಳ ಸಿಗುತ್ತದೆ. ಬೆಕ್ಕನ್ನು ತರುವ ದಿನವೇ ಅಲ್ಲಿ ತೋರಿಸಿಕೊಂಡು ಬಂದರೆ ಇನ್ನೊಂದು ಓಡಾಟ ಉಳಿಯುತ್ತದೆ.

ಊರಿಗೆ ತರುವ ದಿನ

ಬೆಂಗಳೂರಿನಿಂದ ದಾಬಸ್‌ಪೇಟೆ, ಅಲ್ಲಿಂದ ಶಿವಗಂಗೆ. ಟ್ರಾಫಿಕ್ ಸೇರಿದರೆ ಎರಡು ಗಂಟೆಯ ಪ್ರಯಾಣ. ಬೆಕ್ಕನ್ನು ಮಡಿಲಲ್ಲಿ ಕೂರಿಸಿಕೊಂಡು ತರಬೇಡಿ. ಲಾರಿಯ ಹಾರನ್ನಿಗೆ ಬೆದರಿ ಚಾಲಕನ ಕಾಲಡಿ ನುಗ್ಗಿದರೆ ಅನಾಹುತ. ಗಾಳಿಯಾಡುವ ಗಟ್ಟಿ ಪೆಟ್ಟಿಗೆ ಬೇಕು. ಅದರಲ್ಲಿ ಶೆಲ್ಟರ್‌ನಲ್ಲಿ ಅದು ಮಲಗುತ್ತಿದ್ದ ಬಟ್ಟೆ ಹಾಸಿ, ಮೇಲೆ ತೆಳು ಟವೆಲ್ ಹೊದಿಸಿ. ಕತ್ತಲಿದ್ದರೆ ಬೆಕ್ಕಿಗೆ ಧೈರ್ಯ. ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ.

ದಿನವನ್ನೂ ನೋಡಿ ಆರಿಸಿ. ಶನಿವಾರ, ಭಾನುವಾರ ಬೆಟ್ಟ ಹತ್ತಲು ಬರುವವರ ಗಾಡಿಗಳಿಂದ ಊರು ಗಿಜಿಗುಡುತ್ತದೆ. ಸಂಕ್ರಾಂತಿಯ ಜಾತ್ರೆ, ದೀಪಾವಳಿಯ ಪಟಾಕಿ, ಮನೆಯ ಶುಭಕಾರ್ಯ, ಈ ದಿನಗಳಲ್ಲಿ ಹೊಸ ಬೆಕ್ಕು ಬೇಡ.

ಮನೆಗೆ ಬಂದ ಮೇಲೆ ಒಂದೇ ಕೋಣೆ ಕೊಡಿ. ಇಡೀ ಮನೆ ಬೇಡ. ಒಂದು ಮೂಲೆಯಲ್ಲಿ ನೀರು, ಊಟ. ಎದುರು ಮೂಲೆಯಲ್ಲಿ ಮರಳು ಹಾಕಿದ ಅಗಲವಾದ ಪ್ಲಾಸ್ಟಿಕ್ ಟ್ರೇ. ನಡುವೆ ಪಕ್ಕದಲ್ಲಿ ತೂತು ಕೊರೆದ ಒಂದು ರಟ್ಟಿನ ಡಬ್ಬ. ಡಬ್ಬವನ್ನು ಕಡೆಗಣಿಸಬೇಡಿ. ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್ ವಿಶ್ವವಿದ್ಯಾಲಯದವರು ಶೆಲ್ಟರ್‌ಗೆ ಹೊಸದಾಗಿ ಬಂದ ಬೆಕ್ಕುಗಳ ಮೇಲೆ ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದ ವರದಿ ಇದನ್ನೇ ಹೇಳಿತು. ಅವಿತುಕೊಳ್ಳಲು ಡಬ್ಬ ಸಿಕ್ಕ ಬೆಕ್ಕುಗಳು ಡಬ್ಬವಿಲ್ಲದವಕ್ಕಿಂತ ಬೇಗ ಹೊಸ ಜಾಗಕ್ಕೆ ಒಗ್ಗಿದವು.

ಶೆಲ್ಟರ್‌ನವರು "ಮೂರು ದಿನ, ಮೂರು ವಾರ, ಮೂರು ತಿಂಗಳು" ಎಂಬ ಲೆಕ್ಕ ಹೇಳುವುದುಂಟು. ಮೂರು ದಿನ ಭಯ, ಮೂರು ವಾರದಲ್ಲಿ ಮನೆಯ ದಿನಚರಿ ಅರ್ಥವಾಗುವುದು, ಮೂರು ತಿಂಗಳಲ್ಲಿ ನಮ್ಮದೆಂಬ ಭಾವ. ಇದು ಅನುಭವದ ಅಂದಾಜು, ವಿಜ್ಞಾನದ ನಿಯಮವಲ್ಲ. ಮೊದಲೆರಡು ದಿನ ಬೆಕ್ಕು ಮಂಚದ ಕೆಳಗಿಂದ ಹೊರಬರದಿದ್ದರೆ ಗಾಬರಿ ಬೇಡ. ಆದರೆ 24 ಗಂಟೆ ಕಳೆದರೂ ಏನನ್ನೂ ತಿನ್ನದಿದ್ದರೆ, ಮೂತ್ರ ಮಾಡಲು ಒದ್ದಾಡುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಗಂಡು ಬೆಕ್ಕಿಗೆ ಮೂತ್ರ ಕಟ್ಟುವುದು ಪ್ರಾಣಾಪಾಯ, ಒಂದು ದಿನವೂ ಕಾಯುವಂತಿಲ್ಲ.

ತಿಂಗಳ ನಂತರ ಹೊರಗೆ ಬಿಡಬೇಕೇ? ಸಾಧ್ಯವಾದಷ್ಟು ಬೇಡ ಎಂಬುದು ನಮ್ಮ ಸಲಹೆ. ಶಿವಗಂಗೆಯ ಸುತ್ತ ಚಿರತೆ ಓಡಾಡುವುದು ಹೊಸ ಸುದ್ದಿಯಲ್ಲ. ಬೀದಿನಾಯಿ, ಹಾವು, ವಾಹನ, ಕೋತಿಗಳ ಹಿಂಡು ಇವೆ. ಹೊಲದಲ್ಲಿಟ್ಟ ಇಲಿಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ಬೆಕ್ಕೂ ಸಾಯಬಹುದು. ಹಗಲು ಕಟ್ಟಿಹಾಕುವ ಅಭ್ಯಾಸವಂತೂ ಬೇಡ. ಕುತ್ತಿಗೆಗೆ ಹಗ್ಗ ಬಿಗಿದ ಬೆಕ್ಕು ಜಿಗಿಯಲು ಹೋಗಿ ನೇಣು ಬೀಳುತ್ತದೆ. ಕಿಟಕಿಗೆ ಜಾಲರಿ ಹಾಕಿಸಿದರೆ ಕೋತಿ ಒಳಬರುವುದೂ ತಪ್ಪುತ್ತದೆ. ಹಿತ್ತಲಿಗೆ ಬಿಡಲೇಬೇಕೆಂದಿದ್ದರೆ ಹಗಲು, ಕಣ್ಣಳತೆಯಲ್ಲಿ. ಹೊತ್ತು ಮುಳುಗುವ ಮೊದಲು ಒಳಗೆ.

ಮಕ್ಕಳಿಗೆ ಕಲಿಸಬೇಕಾದ್ದು

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತು. ಒಮ್ಮೆ ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ಕಥೆಯಲ್ಲಿರುವ ಬೆಕ್ಕಿನ ಬುದ್ಧಿ ನಿಜವಾದದ್ದು. ಮೊದಲ ವಾರದಲ್ಲಿ ಮಗು ಒಮ್ಮೆ ಬಾಲ ಹಿಡಿದು ಜಗ್ಗಿದರೆ, ಆ ಮಗುವನ್ನು ಕಂಡರೆ ಓಡುವುದನ್ನು ಬೆಕ್ಕು ಕಲಿಯುತ್ತದೆ. ಓಡಲು ದಾರಿ ಇಲ್ಲದಿದ್ದರೆ ಪರಚುತ್ತದೆ. ಆದ್ದರಿಂದ ಮೊದಲು ತರಬೇತಿ ಬೇಕಾದ್ದು ಮಗುವಿಗೆ.

ಮೂರು ವರ್ಷದೊಳಗಿನ ಮಗುವನ್ನೂ ಬೆಕ್ಕನ್ನೂ ದೊಡ್ಡವರಿಲ್ಲದೆ ಒಂದೇ ಕೋಣೆಯಲ್ಲಿ ಬಿಡಬೇಡಿ, ಎರಡೇ ನಿಮಿಷವಾದರೂ ಸರಿ. ಹಸುಗೂಸು ಮಲಗಿರುವ ಕೋಣೆಯ ಬಾಗಿಲು ಮುಚ್ಚಿರಲಿ. ತೊಟ್ಟಿಲ ಬೆಚ್ಚಗಿನ ಜಾಗ ಬೆಕ್ಕಿಗೂ ಇಷ್ಟ. ಅದು ಮಗುವಿನ ಮುಖದ ಪಕ್ಕ ಮಲಗಿದರೆ ಉಸಿರಾಟಕ್ಕೆ ಅಡ್ಡಿಯಾಗಬಹುದು.

ಮೂರು ದಾಟಿದ ಮಕ್ಕಳಿಗೆ ಈ ನಿಯಮಗಳನ್ನು ಆಟದಂತೆ ಕಲಿಸಿ:

• ನೆಲದ ಮೇಲೆ ಕೂರು. ನೀನು ಬೆಕ್ಕಿನ ಬಳಿ ಹೋಗಬೇಡ, ಅದೇ ಬರಲಿ.
• ಒಂದು ಬೆರಳು ಚಾಚು. ಅದು ಮೂಸಿ ಕೆನ್ನೆ ಉಜ್ಜಿದರೆ ಮುಟ್ಟಬಹುದು. ಮುಖ ತಿರುಗಿಸಿದರೆ ಇಂದು ಬೇಡ ಎಂದರ್ಥ.
• ಕೆನ್ನೆ, ಗದ್ದ, ನೆತ್ತಿ ಸವರು. ಹೊಟ್ಟೆ, ಬಾಲ, ಕಾಲು ಮುಟ್ಟಬೇಡ.
• ಉಣ್ಣುವಾಗ, ಮಲಗಿದಾಗ, ಟ್ರೇ ಮೇಲೆ ಕೂತಾಗ, ಡಬ್ಬದೊಳಗಿದ್ದಾಗ ಮಾತಾಡಿಸಬೇಡ.
• ಎತ್ತಿಕೊಳ್ಳುವುದು ದೊಡ್ಡವರ ಕೆಲಸ.
• ಬರಿಗೈಯಲ್ಲಿ ಆಟವಾಡಿಸಬೇಡ. ಕೋಲಿಗೆ ಕಟ್ಟಿದ ಬಟ್ಟೆಚೂರಿನಿಂದ ಆಡಿಸು. ಆಟ ಮುಗಿದ ಮೇಲೆ ದಾರವನ್ನು ಎತ್ತಿಡು, ಬೆಕ್ಕು ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ.

ಮಕ್ಕಳಿಗೆ ಇಷ್ಟವಾಗುವ ಇನ್ನೊಂದು ಆಟವಿದೆ. ಬೆಕ್ಕಿನ ಕಡೆ ನೋಡಿ ನಿಧಾನವಾಗಿ ಕಣ್ಣು ಕಿರಿದು ಮಾಡಿ ಮುಚ್ಚಿ ತೆರೆಯುವುದು. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಮಾಡಿದಾಗ ಬೆಕ್ಕುಗಳೂ ಕಣ್ಣು ಕಿರಿದು ಮಾಡಿದವು, ಅಪರಿಚಿತರ ಬಳಿಗೂ ಹೆಚ್ಚಾಗಿ ಬಂದವು. ದೂರ ಕೂತು ಆಡಬಹುದಾದ ಆಟವಾದ್ದರಿಂದ ಮೊದಲ ವಾರಕ್ಕೆ ಇದು ಹೇಳಿ ಮಾಡಿಸಿದ್ದು.

ಬೆಕ್ಕು ಪರಚುವ ಮುಂಚೆ ಎಚ್ಚರಿಕೆ ಕೊಡುತ್ತದೆ. ಕಿವಿ ಹಿಂದಕ್ಕೆ ಚಪ್ಪಟೆಯಾಗುತ್ತದೆ, ಬಾಲ ನೆಲಕ್ಕೆ ಬಡಿಯುತ್ತದೆ, ಬೆನ್ನ ಚರ್ಮ ಅದುರುತ್ತದೆ, ಕಣ್ಣಿನ ಪಾಪೆ ದೊಡ್ಡದಾಗುತ್ತದೆ, ಬುಸುಗುಡುತ್ತದೆ. ಇವುಗಳಲ್ಲಿ ಒಂದು ಕಂಡರೂ ಮಗುವನ್ನು ಆಚೆ ಕರೆದುಕೊಳ್ಳಿ. ಬುಸುಗುಟ್ಟಿದ್ದಕ್ಕೆ ಬೆಕ್ಕನ್ನು ಹೊಡೆಯಬೇಡಿ. ಹೊಡೆದರೆ ಅದು ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರವಾಗಿ ಪರಚುವುದನ್ನು ಕಲಿಯುತ್ತದೆ.

ಊಟ: ಹಾಲು ಅನ್ನ ಸಾಲದು

ಚಿತ್ರಪುಸ್ತಕದಲ್ಲಿ ಬೆಕ್ಕಿನ ಮುಂದೆ ಹಾಲಿನ ಬಟ್ಟಲು ಇರುತ್ತದೆ. ಆದರೆ ಬೆಳೆದ ಅನೇಕ ಬೆಕ್ಕುಗಳಿಗೆ ಹಾಲಿನ ಲ್ಯಾಕ್ಟೋಸ್ ಜೀರ್ಣವಾಗದೆ ಭೇದಿಯಾಗುತ್ತದೆ. ಇದಕ್ಕಿಂತ ದೊಡ್ಡ ವಿಷಯ ಟಾರಿನ್. ಇದು ಮಾಂಸ, ಮೀನಿನಲ್ಲಿರುವ ಒಂದು ಪೋಷಕಾಂಶ. ಬೆಕ್ಕಿನ ದೇಹ ಇದನ್ನು ಸಾಕಷ್ಟು ತಯಾರಿಸಲಾರದು. ಟಾರಿನ್ ಕೊರತೆಯಾದರೆ ಬೆಕ್ಕಿನ ಕಣ್ಣು ಹೋಗಬಹುದು, ಹೃದಯ ದುರ್ಬಲವಾಗಬಹುದು. ಹೃದಯದ ಕಾಯಿಲೆಗೂ ಟಾರಿನ್‌ಗೂ ಇರುವ ಸಂಬಂಧವನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು 1987ರಲ್ಲಿ ತೋರಿಸಿಕೊಟ್ಟರು.

ಇಲಿ ಹಿಡಿದು ತಿನ್ನುತ್ತಿದ್ದ ಹಿಂದಿನ ಕಾಲದ ಹಳ್ಳಿಯ ಬೆಕ್ಕಿಗೆ ಟಾರಿನ್ ಇಲಿಯಿಂದ ಸಿಗುತ್ತಿತ್ತು, ಮನೆಯವರು ಹಾಕುವ ಹಾಲು ಅನ್ನ ಮೇಲೋಗರವಷ್ಟೆ. ಮನೆಯೊಳಗೇ ಇರುವ ಬೆಕ್ಕಿಗೆ ಆ ಅನುಕೂಲವಿಲ್ಲ. ಸಸ್ಯಾಹಾರಿ ಮನೆಯವರು ಇದನ್ನು ತರುವ ಮೊದಲೇ ತೀರ್ಮಾನಿಸಬೇಕು. ಅಡುಗೆಮನೆಯಲ್ಲಿ ಮಾಂಸ ಬೇಯಿಸಲಾಗದಿದ್ದರೆ, ಬೆಕ್ಕಿಗೆಂದೇ ತಯಾರಾದ ಸಂಪೂರ್ಣ ಆಹಾರದ ಪೊಟ್ಟಣವನ್ನು ಬೇರೆ ಜಾಗದಲ್ಲಿಟ್ಟು ಬೇರೆ ಬಟ್ಟಲಲ್ಲಿ ಕೊಡಬಹುದು. ಅದೂ ಒಪ್ಪಿಗೆಯಿಲ್ಲದಿದ್ದರೆ ಬೆಕ್ಕು ಬೇಡ. ಮೊಟ್ಟೆಯಲ್ಲಿ ಟಾರಿನ್ ಬಹಳ ಕಡಿಮೆ, ಅದೊಂದೇ ಸಾಲದು.

ಕೊಡಲೇಬಾರದವು: ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು, ಚಾಕೊಲೇಟು. ಇನ್ನೂ ಮುಖ್ಯವಾದದ್ದು ಪ್ಯಾರಾಸಿಟಮಾಲ್. ನಮಗೆ ಜ್ವರದ ಮಾತ್ರೆ, ಬೆಕ್ಕಿಗೆ ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ಬೆಕ್ಕಿಗೆ ಮೈ ಬಿಸಿ ಎಂದು ಮಗುವಿನ ಜ್ವರದ ಸಿರಪ್ ಕುಡಿಸುವುದು ವಿಷ ಕುಡಿಸಿದಂತೆಯೇ. ಪರ್ಮೆಥ್ರಿನ್ ಇರುವ, ನಾಯಿಯ ಮೈಗೆ ಹಚ್ಚುವ ಚಿಗಟದ ಔಷಧಿಯೂ ಬೆಕ್ಕಿಗೆ ಮಾರಕ.

ಪರಚಿದರೆ, ಕಚ್ಚಿದರೆ

ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆ ಎಂಬುದು ತಪ್ಪು. ಬೆಕ್ಕಿನಿಂದಲೂ ಬರುತ್ತದೆ. ಲಕ್ಷಣ ಶುರುವಾದ ಮೇಲೆ ರೇಬೀಸ್ ಹೆಚ್ಚುಕಡಿಮೆ ಖಚಿತವಾಗಿ ಸಾವು. ಅದಕ್ಕೆ ಮೊದಲು ಚಿಕಿತ್ಸೆ ಪಡೆದರೆ ತಡೆಯಬಹುದು. ಹಾಗಾಗಿ:

• ಗಾಯವನ್ನು ತಕ್ಷಣ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ.
• ಸುಣ್ಣ, ಖಾರದ ಪುಡಿ, ಕಾಫಿ ಪುಡಿ, ಅರಿಶಿನ ಯಾವುದನ್ನೂ ಹಚ್ಚಬೇಡಿ. ಬಿಗಿಯಾಗಿ ಕಟ್ಟಬೇಡಿ.
• ಅದೇ ದಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ರೇಬೀಸ್ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ ಇಮ್ಯುನೊಗ್ಲೋಬುಲಿನ್ ಎಂಬ ಇನ್ನೊಂದು ಇಂಜೆಕ್ಷನ್ನೂ ಬೇಕಾಗಬಹುದು.
• ಬೆಕ್ಕಿನ ಲಸಿಕೆ ಕಾರ್ಡನ್ನು ವೈದ್ಯರಿಗೆ ತೋರಿಸಿ. ಬೆಕ್ಕನ್ನು 10 ದಿನ ಕಣ್ಣೆದುರೇ ಇಟ್ಟು ಗಮನಿಸಿ. ಲಸಿಕೆ ಮುಂದುವರಿಸಬೇಕೋ ಬೇಡವೋ ಎಂದು ವೈದ್ಯರು ಹೇಳುತ್ತಾರೆ. ನೀವೇ ನಿಲ್ಲಿಸಬೇಡಿ.

ಬೆಕ್ಕಿನ ಹಲ್ಲು ಸಣ್ಣದಾಗಿ, ಆಳವಾಗಿ ಇಳಿಯುತ್ತದೆ. ಮೇಲೆ ಚುಕ್ಕೆಯಷ್ಟೇ ಕಂಡರೂ ಒಳಗೆ ಕೀವಾಗಬಹುದು. ಬೆರಳು ಊದಿದರೆ, ಕೆಂಪಾದರೆ, ಜ್ವರ ಬಂದರೆ, ಕಂಕುಳಲ್ಲಿ ಗಂಟು ಕಂಡರೆ ಮತ್ತೆ ವೈದ್ಯರ ಬಳಿ ಹೋಗಿ. ಬೆಕ್ಕು ಪರಚಿದ್ದನ್ನು ಮಗು ಮುಚ್ಚಿಡದಂತೆ ನೋಡಿಕೊಳ್ಳಿ. "ಹೇಳಿದರೆ ಬೆಕ್ಕನ್ನು ಬಿಟ್ಟುಬರುತ್ತಾರೆ" ಎಂಬ ಹೆದರಿಕೆಯಿಂದ ಮಕ್ಕಳು ಗಾಯ ಮುಚ್ಚಿಡುತ್ತಾರೆ. ಹಾಗೆ ಬೆದರಿಸಬೇಡಿ.

ಇನ್ನೊಂದು ಅಪಾಯ ನಮ್ಮ ಊರುಗಳ ಮನೆ ಮುಂದೆಯೇ ಇರುತ್ತದೆ. ಮನೆ ಕಟ್ಟಲು ಹಾಕಿಸಿದ ಮರಳಿನ ರಾಶಿ. ಸುತ್ತಲ ಬೆಕ್ಕುಗಳಿಗೆ ಅದು ಕಕ್ಕಸು, ಮಕ್ಕಳಿಗೆ ಅದು ಆಟದ ಜಾಗ. ಜಂತುಹುಳು, ಟಾಕ್ಸೊಪ್ಲಾಸ್ಮಾ ಎರಡೂ ಮಕ್ಕಳ ಬಾಯಿಗೆ ಸೇರುವ ದಾರಿ ಇದು. ಮರಳಿಗೆ ಟಾರ್ಪಾಲು ಹೊದಿಸಿ. ಆಡಿ ಬಂದ ಮಕ್ಕಳ ಕೈಯನ್ನು ಸೋಪು ಹಾಕಿ ತೊಳೆಸಿ.

ಯಾರು ತರಬಾರದು?

ಉಬ್ಬಸದ ಮಗುವಿದ್ದು ವೈದ್ಯರು ಬೇಡವೆಂದಿದ್ದರೆ, ಮನೆಯ ಹಿರಿಯರೊಬ್ಬರಿಗೆ ಬೆಕ್ಕೆಂದರೆ ಆಗದಿದ್ದರೆ, ಹೆರಿಗೆಗೆ ಒಂದೆರಡು ತಿಂಗಳಷ್ಟೇ ಉಳಿದಿದ್ದರೆ, ದಿನವೂ ಟ್ರೇ ತೆಗೆಯಲು ದೊಡ್ಡವರಾರೂ ಸಿಗದಿದ್ದರೆ ಸದ್ಯಕ್ಕೆ ಬೇಡ. "ಮಗು ನೋಡಿಕೊಳ್ಳುತ್ತದೆ" ಎಂಬ ಮಾತಿನ ಮೇಲೆ ಬೆಕ್ಕನ್ನು ತರಬೇಡಿ. ಮಗು ಆಟವಾಡುತ್ತದೆ, ನೋಡಿಕೊಳ್ಳಬೇಕಾದವರು ನೀವು. ಒಮ್ಮೆ ಮನೆ ಕಳೆದುಕೊಂಡ ಬೆಕ್ಕು ಎರಡನೆಯ ಸಲವೂ ಕಳೆದುಕೊಂಡರೆ, ಮೂರನೆಯ ಮನೆಯವರನ್ನು ಅದು ನಂಬುವುದು ಇನ್ನೂ ಕಷ್ಟ. ಆಗದಿದ್ದರೆ ದಾರಿಯಲ್ಲಿ ಬಿಡದೆ ತಂದ ಶೆಲ್ಟರ್‌ಗೇ ಮರಳಿಸಿ.

ಗುಂಪಿಗೆ ಕಳಿಸುವುದಾದರೆ ಇಷ್ಟನ್ನು ಕಳಿಸಿ

• ಚಿಕ್ಕ ಮಕ್ಕಳ ಮನೆಗೆ ಮರಿಗಿಂತ, ಸ್ವಭಾವ ಗೊತ್ತಿರುವ ಬೆಳೆದ ಬೆಕ್ಕು ವಾಸಿ.
• ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಉಬ್ಬಸ ಬರುವುದಿಲ್ಲ. ಅಲರ್ಜಿ ಇರುವವರಿಗೆ ಎಂಜಲು, ಚರ್ಮದ ಪ್ರೊಟೀನು ಗಾಳಿಯಿಂದ ತೊಂದರೆ ಕೊಡುತ್ತದೆ.
• ಲಸಿಕೆ ಕಾರ್ಡು ಇಲ್ಲದೆ ತರಬೇಡಿ. ಪರಚಿದರೆ 15 ನಿಮಿಷ ಸೋಪು ನೀರು, ಅದೇ ದಿನ ಆಸ್ಪತ್ರೆ.
• ಮೊದಲ ತಿಂಗಳು ಮನೆಯೊಳಗೆ, ಒಂದು ಕೋಣೆಯಿಂದ ಶುರು.
• ಹಾಲು ಅನ್ನ ಸಾಲದು. ಜ್ವರದ ಮಾತ್ರೆ ಬೆಕ್ಕಿಗೆ ವಿಷ.
• ಮೂರು ವರ್ಷದೊಳಗಿನ ಮಗುವಿನ ಜೊತೆ ಬೆಕ್ಕನ್ನು ಒಂಟಿಯಾಗಿ ಬಿಡಬೇಡಿ.